ಹೊಟ್ಟು ಹಿಡಿಯದ ಯಂತ್ರಕ್ಕೆ 590 ರೂಪಾಯಿ ಭೇಟಿ ಶುಲ್ಕ

ಇಂದ: ನಿಮ್ಮ ಗ್ರಾಹಕ, ವಿದ್ಯಾನಗರ, ದಾವಣಗೆರೆ
ಇವರಿಗೆ: ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಡಸ್ಟ್ ಕಲೆಕ್ಟರ್‌ನ (ಮರ ಕೊಯ್ದಾಗ ಏಳುವ ಹೊಟ್ಟು ಹೀರುವ ಯಂತ್ರ) ಫಿಲ್ಟರ್ ಚೀಲ ಬದಲಿಸದಿರುವುದು ಹಾಗೂ ನಿಮ್ಮ ಟೆಕ್ನಿಷಿಯನ್ ನಡವಳಿಕೆ

ಮಾನ್ಯರೇ,

ಆರು ಸಲ ಫೋನ್ ಮಾಡಿ, "ನಿಮ್ಮ ಕರೆ ನಮಗೆ ಅಮೂಲ್ಯ" ಅನ್ನೋದು ಬಾಯಿಪಾಠ ಆದ ಮೇಲೆ ಈ ಪತ್ರ.

ಬಿಲ್ಲಿನಲ್ಲಿ 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಪುಡಿಯನ್ನೂ ಹಿಡಿಯುವ ಚೀಲ ಎಂದಿದೆ. ಬಂದ ಚೀಲಕ್ಕೆ ಹೊಲಿದ ಪಟ್ಟಿಯಲ್ಲಿ 30 ಮೈಕ್ರಾನ್. ವ್ಯತ್ಯಾಸ ನಿಮಗೆ ನಾನು ಹೇಳಿಕೊಡಬೇಕಿಲ್ಲ. ದಪ್ಪ ಹೊಟ್ಟಿಗೆ ಪೊರಕೆ ಸಾಕು. ಎಂಡಿಎಫ್ (ಮರದ ನಾರು ಅಂಟಿಸಿ ಒತ್ತಿದ ಹಲಗೆ) ಕೊಯ್ದಾಗ ಏಳುವ, 10 ಮೈಕ್ರಾನ್‌ಗಿಂತ ಸಣ್ಣ ಪುಡಿಯೇ ಎದೆಯೊಳಗೆ ಇಳಿಯುವುದು. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರಲ್ಲೇ ಹೇಳಿದೆ. ರಾತ್ರಿ ಲೈಟ್ ಆರಿಸಿ, ಮರ ಕೊಯ್ಯುವ ಟೇಬಲ್ ಸಾ ಓಡಿಸಿ, ಚೀಲದ ಪಕ್ಕ ಟಾರ್ಚ್ ಹಿಡಿದು ನೋಡಿದೆ. ಚೀಲದ ಮೈತುಂಬ ಲೋಬಾನ ಹಾಕಿದ ಹಾಗೆ ಪುಡಿ ಏಳುತ್ತಿತ್ತು.

ಇನ್ನು ಆ ಶನಿವಾರ. ಹತ್ತಕ್ಕೆ ಬರಬೇಕಾದ ನಿಮ್ಮ ಹುಡುಗ ಮೂರಕ್ಕೆ ಬಂದ. ಚಪ್ಪಲಿ ಬಿಡಲಿಲ್ಲ, ಇರಲಿ. ಯಂತ್ರದ ಮೇಲೆ ಬೆರಳಾಡಿಸಿ, ಬೆರಳು ಮೂಸಿ, "ಇದು ಹೊಟ್ಟಲ್ಲ ಅಂಕಲ್, ರೋಡಿನ ಧೂಳು" ಎಂದ. ಪಟ್ಟಿ ತೋರಿಸಿದೆ, ಓದಲಿಲ್ಲ. ಕಾಂಪೌಂಡಿನಾಚೆ ಸಂಡಿಗೆ ಒಣಗಿಸುತ್ತಿದ್ದ ಪಕ್ಕದ ಮನೆಯವರಿಗೂ ಕೇಳುವ ಹಾಗೆ, "ಮರ ಕೊಯ್ದ್ರೆ ಹೊಟ್ಟು ಬರ್ದೆ ಮತ್ತೇನ್ ಮಂಡಕ್ಕಿ ಬರ್ತೈತಾ?" ಎಂದ. ಅವರು ನಕ್ಕರು. ಸಂಡಿಗೆ ಮೇಲೆ ನನ್ನ ಹೊಟ್ಟೇ ಕೂತಿದ್ದರೂ ನಕ್ಕರು. ನಮ್ಮ ಮನೆಯವರು ಕೊಟ್ಟ ಕಾಫಿ ಲೋಟವನ್ನು ಆಗಷ್ಟೇ ಉಜ್ಜಿಟ್ಟಿದ್ದ ತೇಗದ ಹಲಗೆ ಮೇಲೆ ಇಟ್ಟ. ಉಂಗುರದ ಕಲೆ ಇನ್ನೂ ಇದೆ. ಹೊರಡುವಾಗ "ಟೈಂಪಾಸ್‌ಗೆ ಗಿಡ ಬೆಳೆಸಿ ಅಂಕಲ್" ಎಂದು ಬುದ್ಧಿ ಹೇಳಿ, ಭೇಟಿ ಶುಲ್ಕ 500, ಜಿಎಸ್‌ಟಿ 90 ಎಣಿಸಿಕೊಂಡ. ಜಿಎಸ್‌ಟಿ ಭೇಟಿಗೋ ಬುದ್ಧಿಮಾತಿಗೋ, ರಸೀದಿಯಲ್ಲಿ ಬರೆದಿಲ್ಲ.

ವಾರಂಟಿಯೊಳಗೆ ಭೇಟಿ ಉಚಿತ ಎಂದು ನಿಮ್ಮದೇ ಕಾರ್ಡಿನ ಹಿಂಬದಿ ಇದೆ. ಅಚ್ಚು ಹಾಕಿಸಿದವರಿಗೆ ನೆನಪಿರಬೇಕು.

ಸರಿಯಾದ ಚೀಲ, 590 ರೂಪಾಯಿ ವಾಪಸ್, ಇಷ್ಟೇ ಕೇಳಿದ್ದೆ. ಈಗ ಅದು ಬೇಡ. ಹದಿನೈದು ದಿನದೊಳಗೆ ಯಂತ್ರ ಎತ್ತಿಕೊಂಡು ಹೋಗಿ, ಪೂರ್ತಿ ದುಡ್ಡು ಕೊಡಿ. ಇಲ್ಲವಾದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದೊಳಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ. ಗಿಡಕ್ಕೆ ನೀರು ಹಾಕುವುದಕ್ಕಿಂತ ಒಳ್ಳೆಯ ಟೈಂಪಾಸ್. ಅದೇ ದಿನ ಒಂದು ಮೂಟೆ ಹೊಟ್ಟು ನಿಮ್ಮ ಶೋರೂಮಿಗೂ ಬರುತ್ತದೆ. ಎಸಿ ಮುಂದೆಯೇ ಬಿಚ್ಚುತ್ತೇನೆ.

ಇತಿ,
ನಿಮ್ಮ "ಅಂಕಲ್"

ಲಗತ್ತು: ಬಿಲ್, ಪಟ್ಟಿಯ ಫೋಟೊ, ಪೊಟ್ಟಣದಲ್ಲಿ ಒಂದು ಚಿಟಿಕೆ "ರೋಡಿನ ಧೂಳು"