ಶಸ್ತ್ರಚಿಕಿತ್ಸೆಯ ನಂತರವೂ ಉಳಿದ ನೋವು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನಿನ್ನ ತಂಗಿಗೆ ಎಂಡೊಮೆಟ್ರಿಯೋಸಿಸ್‌ಗಾಗಿ ಲ್ಯಾಪ್ರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಕಿ ಮಾಡುವ ಶಸ್ತ್ರಚಿಕಿತ್ಸೆ) ಆಗಿ ವರ್ಷ ತುಂಬುವುದರೊಳಗೆ ನೋವು ಮರಳಿದೆ, ಒಬ್ಬ ವೈದ್ಯರು ಇನ್ನೊಂದು ಶಸ್ತ್ರಚಿಕಿತ್ಸೆ ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ಮಾತ್ರೆಯೇ ಸಾಕು ಎನ್ನುತ್ತಾರೆ, ಮನೆಯ ಹಿರಿಯರು ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ; ಇವರಲ್ಲಿ ಯಾರ ಮಾತು ಕೇಳಬೇಕು ಎಂದು ವಿಚಾರಿಸಿದ್ದೀಯೆ. ನಾನು ವೈದ್ಯೆಯಲ್ಲ. ಆದರೆ ಇದೇ ಕಾಯಿಲೆಯಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅದಾದ ಮೇಲೂ ನೋವನ್ನು ಜೊತೆಗಿಟ್ಟುಕೊಂಡೇ ಕೆಲಸ ಮಾಡುತ್ತಿರುವವಳಾಗಿ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಯಾವ ಚಿಕಿತ್ಸೆ ಎಂದು ಕೇಳುವ ಮೊದಲು, ಈಗ ಉಳಿದಿರುವ ನೋವು ಎಲ್ಲಿಂದ ಬರುತ್ತಿದೆ ಎಂದು ಯಾರಾದರೂ ಸಮಾಧಾನವಾಗಿ ಕುಳಿತು ಹುಡುಕಬೇಕು. ಅದನ್ನು ಹುಡುಕದೆ ಕೊಡುವ ಮಾತ್ರೆಯೂ ಹಾಕುವ ಕತ್ತರಿಯೂ ಅಂದಾಜಿನ ಮೇಲೆ ನಡೆಯುತ್ತವೆ.

‘ಆಪರೇಷನ್ ಆಯಿತಲ್ಲ, ಇನ್ನೂ ಯಾಕೆ ನೋವು?’ ಎಂಬ ಪ್ರಶ್ನೆಯನ್ನು ನಿನ್ನ ತಂಗಿ ಈಗಾಗಲೇ ಸಾಕಷ್ಟು ಕೇಳಿಸಿಕೊಂಡಿರುತ್ತಾಳೆ. ನೀನಾದರೂ ಅದನ್ನು ಕೇಳಬೇಡ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯಗಳ ಮೇಲೆ, ಕಿಬ್ಬೊಟ್ಟೆಯ ಒಳಪೊರೆಯಲ್ಲಿ, ಕರುಳು ಮತ್ತು ಮೂತ್ರಕೋಶದ ಸುತ್ತ ಬೆಳೆದು ಅಲ್ಲೆಲ್ಲ ಉರಿಯೂತ ಉಂಟುಮಾಡುವುದೇ ಈ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 10ರಷ್ಟು, ಅಂದರೆ ಜಗತ್ತಿನಲ್ಲಿ 19 ಕೋಟಿಯಷ್ಟು ಮಂದಿಗೆ ಇದು ಇದೆ. ಶಸ್ತ್ರಚಿಕಿತ್ಸಕರು ಕಣ್ಣಿಗೆ ಕಂಡದ್ದನ್ನು ಕತ್ತರಿಸಿ ತೆಗೆಯುತ್ತಾರೆ ಅಥವಾ ಸುಡುತ್ತಾರೆ. ಆದರೆ ಆ ಅಂಗಾಂಶವನ್ನು ಬೆಳೆಸುವ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ದೇಹದಲ್ಲಿ ಮೊದಲಿನಂತೆಯೇ ಇರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಲೆಕ್ಕದಲ್ಲಿ, ಶಸ್ತ್ರಚಿಕಿತ್ಸೆಯಾದ ಎರಡು ವರ್ಷಗಳಲ್ಲಿ ಸುಮಾರು ಶೇ 21ರಷ್ಟು ಮಂದಿಯಲ್ಲಿ, ಐದು ವರ್ಷಗಳಲ್ಲಿ ಶೇ 40ರಿಂದ 50ರಷ್ಟು ಮಂದಿಯಲ್ಲಿ ಕಾಯಿಲೆ ಮರಳುತ್ತದೆ. ಹಾಗೆಂದು ಶಸ್ತ್ರಚಿಕಿತ್ಸೆ ವ್ಯರ್ಥವೇನಲ್ಲ. ನನ್ನ ವಿಷಯದಲ್ಲಿ, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕುಳಿತಾಗ ಕತ್ತಿಯಲ್ಲಿ ಇರಿದಂತಾಗುತ್ತಿದ್ದ ನೋವು ಅದರಿಂದಲೇ ಹೋಯಿತು, ಇದುವರೆಗೆ ಮರಳಿಲ್ಲ.

ಇನ್ನೊಂದು ವಿಷಯ ನಿನಗೆ ವಿಚಿತ್ರವಾಗಿ ಕಾಣಬಹುದು. ಈ ಕಾಯಿಲೆಗೆ ಒಂದರಿಂದ ನಾಲ್ಕರವರೆಗೆ ಹಂತಗಳನ್ನು ಹೇಳುತ್ತಾರೆ, ಆದರೆ ಹಂತಕ್ಕೂ ನೋವಿಗೂ ತಾಳೆಯಾಗುವುದಿಲ್ಲ. ನಾಲ್ಕನೆಯ ಹಂತ ಎಂದಾಕ್ಷಣ ಮನೆಯವರೆಲ್ಲ ಕ್ಯಾನ್ಸರಿನ ಹಂತ ಎಂಬಂತೆ ಹೆದರುತ್ತಾರೆ, ಒಂದನೆಯ ಹಂತ ಎಂದರೆ ‘ಅಷ್ಟೇ ತಾನೆ’ ಎಂದುಬಿಡುತ್ತಾರೆ. ಒಂದನೆಯ ಹಂತದವಳು ಹಾಸಿಗೆ ಬಿಟ್ಟು ಏಳಲಾರದೆ ಒದ್ದಾಡುವುದೂ ಉಂಟು, ದೊಡ್ಡ ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಚೀಲ) ಇದ್ದವಳಿಗೆ ನೋವೇ ಇಲ್ಲದಿರುವುದೂ ಉಂಟು.

ಈಗ ಉಳಿದ ನೋವಿನ ವಿಚಾರ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಒಂದು ಸಾಧಾರಣ ನೋಟ್‌ಬುಕ್. ನೋವು ಎಷ್ಟು ಎಂಬುದಕ್ಕಿಂತ ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಅದರಲ್ಲಿ ಬರೆದಿಡುತ್ತಾ ಬಂದೆ: ಹಿಂಡಿದಂತೆಯೋ, ಉರಿದಂತೆಯೋ, ಚಳುಕು ಹೊಡೆದಂತೆಯೋ, ಭಾರ ಹೊತ್ತಂತೆ ಮಂದವಾಗಿಯೋ, ಮುಟ್ಟಿಗೆ ಮುಂಚೆಯೋ, ಮೂತ್ರಕೋಶ ತುಂಬಿದಾಗಲೋ, ಬಹಳ ಹೊತ್ತು ಕುಳಿತಿದ್ದಾಗಲೋ, ಸಂಗಮದ ಮರುದಿನವೋ. ಕೆಲವು ತಿಂಗಳ ಪುಟಗಳನ್ನು ತಿರುವಿ ನೋಡಿದ ನನ್ನ ಸ್ತ್ರೀರೋಗ ತಜ್ಞೆ, ‘ಇದು ಒಂದು ನೋವಲ್ಲ, ಕಡಿಮೆಯೆಂದರೂ ಮೂರು’ ಎಂದರು.

ಒಂದನ್ನು ಅವರು ಪರೀಕ್ಷೆಯ ಮಂಚದ ಮೇಲೆಯೇ ಪತ್ತೆಹಚ್ಚಿದರು. ಬಲಭಾಗದಲ್ಲಿ, ಲ್ಯಾಪ್ರೊಸ್ಕೋಪಿಯ ಉಪಕರಣ ಒಳಹೋಗಿದ್ದ ಚಿಕ್ಕ ಗಾಯದ ಗುರುತಿನ ಪಕ್ಕ, ಒಂದೇ ಬೆರಳಿನಿಂದ ಒತ್ತಿ ಹಿಡಿದು, ಕೈಯೂರದೆ ತಲೆ ಮತ್ತು ಭುಜಗಳನ್ನು ಮೇಲೆತ್ತಲು ಹೇಳಿದರು. ಹೊಟ್ಟೆಯ ಸ್ನಾಯು ಬಿಗಿಯಾದ ಕೂಡಲೇ ನೋವು ಹೆಚ್ಚಿತು. ನೋವಿನ ಮೂಲ ಹೊಟ್ಟೆಯ ಒಳಗಿದ್ದಿದ್ದರೆ ಬಿಗಿಯಾದ ಸ್ನಾಯು ಬೆರಳಿಗೆ ಅಡ್ಡನಿಂತು ನೋವು ಕಡಿಮೆಯಾಗಬೇಕಿತ್ತು. ಹೆಚ್ಚಿತೆಂದರೆ ಮೂಲ ಹೊಟ್ಟೆಯ ಗೋಡೆಯಲ್ಲಿಯೇ ಇದೆ, ಅಲ್ಲಿಯ ನರವೊಂದು ಗಾಯದ ಅಂಚಿಗೆ ಸಿಕ್ಕಿಕೊಂಡಿರಬಹುದು ಎಂದು ವಿವರಿಸಿದರು. ಆ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ಕೆಲವೇ ನಿಮಿಷಗಳಲ್ಲಿ ನೋವು ಇಳಿದದ್ದು ಅವರ ಊಹೆಯನ್ನು ಗಟ್ಟಿ ಮಾಡಿತು. ಕಾಯಿಲೆ ಮರಳಿದೆ ಎಂದು ನಾನು ರಾತ್ರಿಗಳನ್ನು ಕೆಡಿಸಿಕೊಂಡಿದ್ದ ನೋವು ಅದೇ. ಯಾವ ಹಾರ್ಮೋನ್ ಮಾತ್ರೆಗೂ ಅದು ಬಗ್ಗುತ್ತಿರಲಿಲ್ಲ. ಎರಡನೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಅಂಥ ಗುರುತುಗಳು ಹೆಚ್ಚುತ್ತಿದ್ದವೇನೋ.

ಇನ್ನೊಂದು, ಕಿಬ್ಬೊಟ್ಟೆಯ ತಳದ ಸ್ನಾಯುಗಳದು. ವರ್ಷಗಟ್ಟಲೆ ನೋವಿಗೆ ಹೆದರಿ ಆ ಸ್ನಾಯುಗಳು ಬಿಗಿಹಿಡಿದೇ ಇರುವುದನ್ನು ಅಭ್ಯಾಸ ಮಾಡಿಕೊಂಡಿರುತ್ತವೆ. ಒಳಗಿನ ಗಂಟುಗಳನ್ನು ತೆಗೆದರೂ ಬಿಗಿತ ಸಡಿಲುವುದಿಲ್ಲ. ಇದರಲ್ಲಿ ನುರಿತ ಫಿಸಿಯೋಥೆರಪಿಸ್ಟ್ ಒಬ್ಬರು ನನಗೆ ಕಲಿಸಿದ್ದು ಬಿಗಿಗೊಳಿಸುವ ವ್ಯಾಯಾಮವನ್ನಲ್ಲ, ಬಿಡುವುದನ್ನು: ಉಸಿರು ಒಳಗೆಳೆಯುವಾಗ ಹೊಟ್ಟೆ ಉಬ್ಬಲು ಬಿಟ್ಟು, ತಳವನ್ನು ಕೆಳಗಿಳಿಯಲು ಬಿಡುವುದು. ಹೆರಿಗೆಯಾದವರಿಗೆ ಹೇಳಿಕೊಡುವ ಬಿಗಿಹಿಡಿಯುವ ವ್ಯಾಯಾಮವನ್ನೇ ಎಲ್ಲರಿಗೂ ಹೇಳುವ ರೂಢಿಯಿದೆ; ಈಗಾಗಲೇ ಬಿಗಿದಿರುವ ಸ್ನಾಯುವಿಗೆ ಅದು ನೋವನ್ನು ಹೆಚ್ಚಿಸಬಲ್ಲದು. ನಿನ್ನ ತಂಗಿ ಈ ಒಂದು ವಿಷಯದಲ್ಲಿ ಎಚ್ಚರವಾಗಿರಲಿ.

ಮೂರನೆಯದು ಅಡೆನೊಮಯೋಸಿಸ್, ಅಂದರೆ ಅದೇ ಬಗೆಯ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ಸೇರಿಕೊಂಡಿರುವುದು. ಇದು ಎಂ.ಆರ್.ಐ. ಸ್ಕ್ಯಾನಿನಲ್ಲಿ ಕಂಡಿತು. ಲ್ಯಾಪ್ರೊಸ್ಕೋಪಿ ಗರ್ಭಕೋಶವನ್ನು ಹೊರಗಿನಿಂದ ನೋಡುವ ಕ್ರಮವಾದ್ದರಿಂದ ಅದರಲ್ಲಿ ಇದು ತಪ್ಪಿಹೋಗುವುದು ಅಪರೂಪವಲ್ಲ. ನನಗಿಲ್ಲದ, ಆದರೆ ಹಲವರಿಗೆ ಇರುವ ಮೂಲಗಳೂ ಇವೆ: ಮೂತ್ರಕೋಶದ ನೋವಿನ ಕಾಯಿಲೆ, ಕರುಳಿನ ಸೂಕ್ಷ್ಮತೆ, ಅಂಟಿಕೊಂಡ ಅಂಗಗಳು, ಮೊದಲ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಲಾಗದೆ ಉಳಿದ ಆಳದ ಗಂಟುಗಳು. ಇವೆಲ್ಲಕ್ಕೂ ಮೇಲೆ, ಬಹುಕಾಲ ನೋವಿನ ಸುದ್ದಿ ಹೊತ್ತ ನರಮಂಡಲವೇ ಸೂಕ್ಷ್ಮವಾಗಿಬಿಟ್ಟು, ಸಣ್ಣ ಪ್ರಚೋದನೆಯನ್ನೂ ದೊಡ್ಡ ನೋವಾಗಿ ಓದತೊಡಗುತ್ತದೆ. ಇದನ್ನು ಕೇಳಿದವರು ‘ಹಾಗಾದರೆ ಎಲ್ಲ ಮನಸ್ಸಿನದೇ’ ಎಂದುಬಿಡುವುದುಂಟು. ಅದು ಅಜ್ಞಾನದ ಮಾತು. ಇಲ್ಲಿ ಬದಲಾಗಿರುವುದು ನರಗಳ ಕೆಲಸದ ರೀತಿ, ಅವಳ ನೋವು ನಿಜವಾದದ್ದೇ.

ಇನ್ನು ಚಿಕಿತ್ಸೆಗಳಿಗೆ ಬರುತ್ತೇನೆ. ಮೆಫೆನಾಮಿಕ್ ಆಸಿಡ್, ನ್ಯಾಪ್ರೊಕ್ಸೆನ್‌ನಂಥ ನೋವಿನ ಮಾತ್ರೆಗಳು ನೋವು ಏರಿದ ಮೇಲೆ ನುಂಗಿದರೆ ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ. ಮುಟ್ಟಿನ ನೋವು ಶುರುವಾಗುವ ಸೂಚನೆ ಸಿಕ್ಕಾಗಲೇ, ಹೊಟ್ಟೆ ಖಾಲಿಯಿಲ್ಲದಂತೆ ನೋಡಿಕೊಂಡು, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಜಠರಕ್ಕೂ ಮೂತ್ರಪಿಂಡಕ್ಕೂ ಅವು ತೊಂದರೆ ಕೊಡಬಲ್ಲವಾದ್ದರಿಂದ ತಿಂಗಳಿಡೀ ನುಂಗುವ ಮಾತ್ರೆಗಳಲ್ಲ.

ನಾನು ಈಗ ತೆಗೆದುಕೊಳ್ಳುತ್ತಿರುವುದು ಡಯನೊಜೆಸ್ಟ್ ಎಂಬ, ಪ್ರೊಜೆಸ್ಟೋಜೆನ್ ಗುಂಪಿನ ಹಾರ್ಮೋನ್ ಮಾತ್ರೆ, ದಿನಕ್ಕೆ 2 ಮಿಲಿಗ್ರಾಂ. ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ಹನಿಹನಿಯಾಗಿ ರಕ್ತಸ್ರಾವ, ತಲೆನೋವು, ಕಾರಣವಿಲ್ಲದೆ ಮಂಕು ಕವಿಯುವುದು, ಇವೆಲ್ಲ ಇದ್ದವು. ನಿಲ್ಲಿಸಿಬಿಡಬೇಕು ಎನ್ನಿಸಿದ ದಿನಗಳಿದ್ದವು. ಆಮೇಲೆ ಮುಟ್ಟು ನಿಂತಿತು, ಅದರೊಂದಿಗೆ ಹಿಂಡುವ ನೋವೂ ಬಹುಪಾಲು ತಗ್ಗಿತು. ಆದರೆ ಮನಸ್ಸಿನ ಮಂಕು ಕೆಲವರಲ್ಲಿ ಖಿನ್ನತೆಯಾಗಿ ಬೆಳೆಯಬಹುದು. ನಿನ್ನ ತಂಗಿಗೆ ಮೊದಲೇ ಅಂಥ ತೊಂದರೆ ಇದ್ದಿದ್ದರೆ ವೈದ್ಯರಿಗೆ ಮುಚ್ಚಿಡಬಾರದು. ದೀರ್ಘಕಾಲ ತೆಗೆದುಕೊಂಡರೆ ಮೂಳೆಗಳ ಸಾಂದ್ರತೆಯ ಮೇಲೂ ಕಣ್ಣಿಡಬೇಕು. ಇದನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ ಎಂಬುದನ್ನೂ ಅವಳಿಗೆ ಹೇಳು.

ಅದೇ ಗುಂಪಿನ ಲೆವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುವ, ಗರ್ಭಕೋಶದೊಳಗೆ ಇಡುವ ಸಾಧನ ಇನ್ನೊಂದು ದಾರಿ. ಅಡೆನೊಮಯೋಸಿಸ್ ಕೂಡ ಇರುವವರಿಗೆ ಅದು ಒಗ್ಗುವುದು ಹೆಚ್ಚು, ದಿನವೂ ಮಾತ್ರೆ ನೆನಪಿಡುವ ಗೋಜಿಲ್ಲ. ಈಸ್ಟ್ರೊಜೆನ್ ಸಹ ಇರುವ ಸಂಯುಕ್ತ ಮಾತ್ರೆಗಳು ಮತ್ತೊಂದು. ಕಣ್ಣ ಮುಂದೆ ಬೆಳಕು ಮಿಂಚಿ ಬರುವ ಮೈಗ್ರೇನ್ ಇದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅವು ಸಲ್ಲವು. ಇವುಗಳಲ್ಲಿ ಯಾವುದು ಮೇಲು ಎಂದು ತಲೆಕೆಡಿಸಿಕೊಂಡಿದ್ದಾಗ, 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಪ್ರಕಟವಾದ ಅಧ್ಯಯನವೊಂದು ನನಗೆ ನೆಮ್ಮದಿ ಕೊಟ್ಟಿತು. ಶಸ್ತ್ರಚಿಕಿತ್ಸೆಯಾದ 405 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗರ್ಭಕೋಶದೊಳಗಿನ ಸಾಧನ ಅಥವಾ ಚುಚ್ಚುಮದ್ದಿನ ರೂಪದಲ್ಲಿ ದೀರ್ಘಕಾಲ ಕೆಲಸ ಮಾಡುವ ಪ್ರೊಜೆಸ್ಟೋಜೆನ್‌ಗಳನ್ನು, ಇನ್ನೊಂದಕ್ಕೆ ಸಂಯುಕ್ತ ಮಾತ್ರೆಗಳನ್ನು ಕೊಟ್ಟು ಮೂರು ವರ್ಷ ನೋಡಿದಾಗ, ಎರಡೂ ಗುಂಪುಗಳ ನೋವು ಸುಮಾರು ಶೇ 40ರಷ್ಟು ಇಳಿದಿತ್ತು. ಹಾಗಾಗಿ ಅಡ್ಡಪರಿಣಾಮ, ಅನುಕೂಲ ನೋಡಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವಳಿಗಿದೆ. ಆದರೆ ಅದೇ ಶೇ 40 ಎಂಬ ಸಂಖ್ಯೆಯನ್ನು ತಿರುಗಿಸಿ ಓದು: ಸಾಕಷ್ಟು ನೋವು ಉಳಿದೇ ಇರುತ್ತದೆ. ಮಾತ್ರೆ ನುಂಗುತ್ತಿದ್ದೂ ನೋವು ಎನ್ನುವವಳು ಸುಳ್ಳು ಹೇಳುತ್ತಿಲ್ಲ.

ಇದರ ಮುಂದಿನವು ಜಿಎನ್‌ಆರ್‌ಎಚ್ ಗುಂಪಿನ, ಅಂದರೆ ಅಂಡಾಶಯಗಳಿಗೆ ಹೋಗುವ ಮಿದುಳಿನ ಸೂಚನೆಯನ್ನು ತಡೆದು ಈಸ್ಟ್ರೊಜೆನ್ ತಗ್ಗಿಸುವ ಔಷಧಿಗಳು. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಲ್ಯೂಪ್ರೊಲೈಡ್ ಚುಚ್ಚುಮದ್ದು ತಾತ್ಕಾಲಿಕವಾಗಿ ಋತುಬಂಧವನ್ನೇ ತರುತ್ತದೆ. ನೋವು ತಗ್ಗುತ್ತದೆ, ಆದರೆ ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಮೂಳೆ ಸವೆತ ಜೊತೆಗೆ ಬರುತ್ತವೆ. ಇದನ್ನು ತಡೆಯಲು ಅಲ್ಪ ಪ್ರಮಾಣದ ಹಾರ್ಮೋನನ್ನು ಮರಳಿ ಕೊಡುವ ಕ್ರಮವಿದೆ; ಅದರ ಬಗ್ಗೆ ಮಾತೆತ್ತದೆ ಚುಚ್ಚುಮದ್ದನ್ನು ಮಾತ್ರ ಬರೆದುಕೊಟ್ಟರೆ ಕೇಳಿಯೇ ತೀರಬೇಕು. ಬಾಯಿಯಿಂದ ತೆಗೆದುಕೊಳ್ಳುವ ಹೊಸ ಮಾತ್ರೆಗಳೂ ಬಂದಿವೆ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಲಾಗೊಲಿಕ್ಸ್‌ಗೆ 2018ರಲ್ಲಿ, ಹಾರ್ಮೋನುಗಳನ್ನೂ ಸೇರಿಸಿದ ರೆಲುಗೊಲಿಕ್ಸ್‌ಗೆ 2022ರಲ್ಲಿ ಈ ನೋವಿಗಾಗಿ ಅನುಮತಿ ಕೊಟ್ಟಿತು, ಮೂಳೆಗಳ ಕಾರಣಕ್ಕೆ ಅವಧಿಯ ಮಿತಿಯನ್ನೂ ಹಾಕಿತು.

ಎರಡನೆಯ ಶಸ್ತ್ರಚಿಕಿತ್ಸೆಯನ್ನು ನಾನು ಸದ್ಯಕ್ಕೆ ಬೇಡವೆಂದಿದ್ದೇನೆ. ನುರಿತವರು ಮಾಡಿದ ಸ್ಕ್ಯಾನಿನಲ್ಲಿ ಆಳದ ಗಂಟಾಗಲಿ ಬೆಳೆಯುತ್ತಿರುವ ಸಿಸ್ಟ್ ಆಗಲಿ ಕಾಣಲಿಲ್ಲ, ನೋವಿನ ಎರಡು ಮೂಲಗಳು ಕತ್ತರಿಗೆ ಸಂಬಂಧಪಟ್ಟವೇ ಅಲ್ಲ. ನಿನ್ನ ತಂಗಿಯ ಸ್ಥಿತಿ ಬೇರೆ ಇರಬಹುದು: ಮೂತ್ರನಾಳವನ್ನೋ ಕರುಳನ್ನೋ ಒತ್ತುತ್ತಿರುವ ಗಂಟು ಇದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವಂತಿಲ್ಲ, ಆಗ ಇಂಥ ಕಾಯಿಲೆಯನ್ನೇ ಹೆಚ್ಚಾಗಿ ನೋಡುವ ತಂಡದ ಬಳಿಗೆ ಹೋಗಬೇಕು. ಅಂಡಾಶಯದ ಸಿಸ್ಟನ್ನು ಪದೇ ಪದೇ ತೆಗೆದರೆ ಅಂಡಗಳ ಸಂಗ್ರಹವೂ ಕುಗ್ಗುತ್ತದೆ ಎಂಬುದನ್ನು, ಮಗು ಬೇಕೆಂದಿರುವ ಅವಳು ಮೊದಲೇ ತಿಳಿದಿರಬೇಕು. ಗರ್ಭಕೋಶವನ್ನೇ ತೆಗೆಸುವ ಮಾತು ಬಂದರೆ, ಅದು ಅಡೆನೊಮಯೋಸಿಸ್‌ನ ನೋವಿಗೆ ನೆರವಾಗುತ್ತದೆ, ಹೊರಗೆ ಉಳಿದ ಗಂಟುಗಳಿಗೆ ಏನೂ ಮಾಡುವುದಿಲ್ಲ.

ಮಗುವಾದರೆ ಸರಿಹೋಗುತ್ತದೆ ಎಂಬ ಹಿರಿಯರ ಮಾತಿಗೆ ಇಷ್ಟೇ ಉತ್ತರ: ಚಿಕಿತ್ಸೆಯೆಂಬ ಒಂದೇ ಕಾರಣಕ್ಕೆ ಗರ್ಭಿಣಿಯಾಗಲು ಹೇಳಬಾರದು ಎಂದು ಸಂತಾನೋತ್ಪತ್ತಿ ತಜ್ಞರ ಯುರೋಪಿನ ಸಂಘವು ತನ್ನ 2022ರ ಮಾರ್ಗಸೂಚಿಯಲ್ಲಿ ಬರೆದಿದೆ. ಅವಳಿಗೇ ಬೇಗ ಮಗು ಬೇಕಿದ್ದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಮೇಲೆ ಹೇಳಿದ ಹಾರ್ಮೋನ್ ಚಿಕಿತ್ಸೆಗಳೆಲ್ಲ ಗರ್ಭಧಾರಣೆಯನ್ನು ಮುಂದೂಡುವಂಥವು. ಆ ಮಾತನ್ನು ವೈದ್ಯರ ಮುಂದೆ ಮೊದಲ ಐದು ನಿಮಿಷದಲ್ಲೇ ಆಡಬೇಕು, ಹೊರಡುವ ಮುನ್ನ ಬಾಗಿಲ ಬಳಿ ನಿಂತಲ್ಲ.

ಅವಳೊಂದಿಗೆ ನೀನೂ ಹೋಗುವುದಾದರೆ ಮೊದಲ ಶಸ್ತ್ರಚಿಕಿತ್ಸೆಯ ಪೂರ್ತಿ ಟಿಪ್ಪಣಿಯನ್ನೂ ಅಂಗಾಂಶ ಪರೀಕ್ಷೆಯ ವರದಿಯನ್ನೂ ಆಸ್ಪತ್ರೆಯಿಂದ ಕೇಳಿ ಪಡೆದುಕೊ. ಡಿಸ್ಚಾರ್ಜ್ ಸಾರಾಂಶದ ಒಂದು ಪುಟ ಸಾಲದು. ಕತ್ತರಿಸಿ ತೆಗೆದರೋ ಸುಟ್ಟರೋ, ಎಲ್ಲೆಲ್ಲಿ, ಏನನ್ನು ಬಿಟ್ಟರು ಎಂಬುದೆಲ್ಲ ಅದರಲ್ಲಿರುತ್ತದೆ. ವೈದ್ಯರ ಕೋಣೆಯೊಳಗೆ ನೀನು ಬರೆದುಕೊ, ಉತ್ತರವನ್ನು ಅವಳೇ ಹೇಳಲಿ. ಇದ್ದಕ್ಕಿದ್ದಂತೆ ಒಂದು ಬದಿಯಲ್ಲಿ ತಡೆಯಲಾರದ ನೋವು ವಾಂತಿಯೊಂದಿಗೆ ಬಂದರೆ, ಜ್ವರ ಸೇರಿದರೆ, ತಲೆಸುತ್ತಿ ಬಿದ್ದರೆ ಮಾತ್ರ ಈ ಯಾವ ಲೆಕ್ಕಾಚಾರವೂ ಬೇಡ, ನೇರವಾಗಿ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು.

ನನ್ನ ಮುಂದಿನ ತಪಾಸಣೆಯಲ್ಲಿ ಡಯನೊಜೆಸ್ಟ್ ಮುಂದುವರಿಸಬೇಕೋ, ಗರ್ಭಕೋಶದೊಳಗಿನ ಸಾಧನಕ್ಕೆ ಬದಲಾಗಬೇಕೋ ಎಂಬುದು ತೀರ್ಮಾನವಾಗಲಿದೆ. ಮೂಳೆಗಳ ಸ್ಕ್ಯಾನಿನ ವರದಿಗಾಗಿ ಕಾಯುತ್ತಿದ್ದೇನೆ. ನಿನ್ನ ತಂಗಿಗೆ ನನ್ನ ನಂಬರ್ ಕೊಡು. ದಾಂಪತ್ಯದ ನೋವಿನ ಬಗ್ಗೆ ಅಣ್ಣನ ಮುಂದೆ ಆಡಲಾಗದ ಮಾತುಗಳಿರುತ್ತವೆ, ಅವನ್ನು ನಾವಿಬ್ಬರೇ ಮಾತಾಡಿಕೊಳ್ಳುತ್ತೇವೆ.

ಇಂತಿ ನಿನ್ನ ಗೆಳತಿ