‘ಜಾಣರಿಗೇ ನಶೆ ಹೆಚ್ಚು’: ಅಧ್ಯಯನ ಹೇಳಿದ್ದು ಅಷ್ಟೇ ಅಲ್ಲ

ಮಾನ್ಯರೇ,

‘ಜಾಣ ಮಕ್ಕಳೇ ದೊಡ್ಡವರಾದ ಮೇಲೆ ಹೆಚ್ಚು ಮಾದಕವಸ್ತು ಬಳಸುತ್ತಾರೆ’ ಎಂಬ ಸುದ್ದಿಯೂ ‘ಗಾಂಜಾ ಸೇದಿದರೆ ಐಕ್ಯೂ (ಬುದ್ಧಿಮತ್ತೆಯ ಅಂಕ) ಕುಸಿಯುತ್ತದೆ’ ಎಂಬ ಸುದ್ದಿಯೂ ಸರದಿಯಂತೆ ಬರುತ್ತಿರುತ್ತವೆ. ಎರಡಕ್ಕೂ ಆಧಾರವಿದೆ, ಆದರೆ ಅಳೆದದ್ದು ಬೇರೆ ಬೇರೆ.

ಮೊದಲನೆಯದರ ಮೂಲ, 1970ರ ಏಪ್ರಿಲ್‌ನ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳ ಅಧ್ಯಯನ. ಐಕ್ಯೂ ಪರೀಕ್ಷೆ ನಡೆದದ್ದು 5 ಮತ್ತು 10ನೇ ವಯಸ್ಸಿನಲ್ಲಿ. 30ರಲ್ಲಿ ಕೇಳಿದ್ದು, ಕಳೆದ 12 ತಿಂಗಳಲ್ಲಿ ಬಳಸಿದ್ದೀರಾ ಎಂದು. ಪಾರ್ಟಿಯಲ್ಲಿ ಒಮ್ಮೆ ಎಳೆದವರದ್ದೂ ‘ಹೌದು’, ಬೆಳಗಾದರೆ ಅದಿಲ್ಲದೆ ಆಗದವರದ್ದೂ ‘ಹೌದು’. ಇದು ರುಚಿ ನೋಡಿದವರ ಲೆಕ್ಕ, ವ್ಯಸನಿಗಳದ್ದಲ್ಲ. ವ್ಯಸನಕ್ಕೆ ಬಂದರೆ ಲೆಕ್ಕ ತಿರುಗುಮುರುಗು: 1969–70ರಲ್ಲಿ ಸೇನೆಗೆ ಸೇರುವಾಗ ಪರೀಕ್ಷೆಗೊಳಗಾದ ಸ್ವೀಡನ್ನಿನ ಯುವಕರಲ್ಲಿ, ಕಡಿಮೆ ಅಂಕ ಪಡೆದವರೇ ಮುಂದೆ ಮದ್ಯದ ಕಾಯಿಲೆಗಳಿಂದ ಹೆಚ್ಚಾಗಿ ಆಸ್ಪತ್ರೆ ಸೇರಿದರು. ಓದು, ಉದ್ಯೋಗಗಳನ್ನು ಲೆಕ್ಕಕ್ಕೆ ತಂದಾಗ ಈ ಅಂತರ ತಗ್ಗಿತು.

ಎರಡನೆಯ ಸುದ್ದಿ ನ್ಯೂಜಿಲೆಂಡಿನ ಡುನೆಡಿನ್‌ನದು. 1972–73ರಲ್ಲಿ ಹುಟ್ಟಿದ 1,037 ಮಂದಿಯನ್ನು ಬೆಂಬತ್ತಿ ನೋಡಿದ ಈ ಅಧ್ಯಯನದಲ್ಲಿ, ಹದಿಹರೆಯದಲ್ಲೇ ಗಾಂಜಾ ಹಿಡಿದು ವರ್ಷಗಟ್ಟಲೆ ಅದಕ್ಕೆ ದಾಸರಾದವರ ಐಕ್ಯೂ 13 ಮತ್ತು 38ನೇ ವಯಸ್ಸಿನ ನಡುವೆ ಸರಾಸರಿ 8 ಅಂಕ ಇಳಿದಿತ್ತು. ಸರಾಸರಿ 100, ವಿಚಲನೆ (ಅಂಕಗಳು ಸರಾಸರಿಯಿಂದ ಚದುರುವ ಪ್ರಮಾಣ) 15 ಇರುವ ಮಾಪನದಲ್ಲಿ ಇದು ಸಣ್ಣದಲ್ಲ. ನೂರು ಜನರ ಸಾಲಿನ ನಟ್ಟನಡುವೆ ನಿಂತವನು ಹಿಂದಿನಿಂದ ಸುಮಾರು ಮೂವತ್ತನೆಯವನಾಗುತ್ತಾನೆ. ವಯಸ್ಕರಾದ ಮೇಲೆ ಶುರುಮಾಡಿದವರಲ್ಲಿ ಇಂಥ ಕುಸಿತ ಕಾಣಲಿಲ್ಲ.

ಆದರೆ 2016ರಲ್ಲಿ ಪ್ರಕಟವಾದ ಅಮೆರಿಕದ ಅವಳಿಗಳ ಅಧ್ಯಯನ ಇದಕ್ಕೆ ತೊಡಕು ಹಾಕಿತು. ಒಬ್ಬ ಸೇದಿ, ಜೊತೆಗೆ ಹುಟ್ಟಿದ ಇನ್ನೊಬ್ಬ ಸೇದದಿದ್ದರೂ ಇಬ್ಬರ ಅಂಕಗಳ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅಂದರೆ ಮನೆ, ವಂಶ, ಶಾಲೆಯ ಪಾಲೂ ಇದೆ. ಇಳಿಕೆ ಕಂಡದ್ದು ಶಬ್ದಸಂಪತ್ತು, ಸಾಮಾನ್ಯಜ್ಞಾನದಂಥ ವಿಭಾಗಗಳಲ್ಲಿ. ಇವಕ್ಕೆ ಉಣಿಸು ಸಿಗುವುದೇ ತರಗತಿಯಲ್ಲಿ. ಹದಿನೈದಕ್ಕೇ ಚಟ ಹತ್ತಿ ಶಾಲೆ ತಪ್ಪಿಸುವ ಹುಡುಗನ ಅಂಕ ಇಳಿದರೆ, ಹೊಗೆ ಎಷ್ಟು ಕಾರಣ, ಖಾಲಿ ಬೆಂಚು ಎಷ್ಟು ಕಾರಣ ಎಂದು ಬೇರ್ಪಡಿಸುವುದು ಸುಲಭವಲ್ಲ. (ಗಾಂಜಾ ನಿರಪಾಯಕಾರಿ ಎಂದು ಇದರರ್ಥವಲ್ಲ. ಮನೋವಿಕಾರದ ಅಪಾಯ ಬೇರೆಯೇ ವಿಷಯ.)

ಇನ್ನೊಂದು ಎಡವಟ್ಟು, ಪರೀಕ್ಷೆಯ ಸಮಯ. ಹಿಂದಿನ ರಾತ್ರಿ ಸೇದಿದವರನ್ನು ಬೆಳಿಗ್ಗೆ ಕೂರಿಸಿದರೆ ನೆನಪು, ಗಮನ ಎರಡೂ ಕುಂದಿರುತ್ತವೆ. ಹದಿಹರೆಯದವರ ಮತ್ತು ಯುವಜನರ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 72 ಗಂಟೆಗೂ ಹೆಚ್ಚು ಬಿಟ್ಟಿದ್ದವರಲ್ಲಿ ಈ ಕೊರತೆ ಬಹುಪಾಲು ಕರಗಿತ್ತು.

ಇಂಥ ಸುದ್ದಿ ಪ್ರಕಟಿಸುವಾಗ ‘ಬಳಕೆ’ ಎಂದರೆ ಒಮ್ಮೆಯೋ ನಿತ್ಯವೋ, ಐಕ್ಯೂ ಅಳೆದದ್ದು ಚಟಕ್ಕೆ ಮೊದಲೋ ಆಮೇಲೋ, ಬಿಟ್ಟು ಎಷ್ಟು ದಿನವಾಗಿತ್ತು ಎಂಬುದನ್ನೂ ಎರಡು ಸಾಲಿನಲ್ಲಿ ಸೇರಿಸಬೇಕೆಂದು ಕೋರಿಕೆ.

– ಸಮುದಾಯ ಆರೋಗ್ಯ ವಿಷಯದ ಅಧ್ಯಾಪಕರು