ಗಂಟೆಯ ಚಕ್ರ ಬರೆದುಕೊಟ್ಟವರಿಗೆ

ಗ್ರಂಥಾಲಯದ ಕೌಂಟರಿನಲ್ಲಿದ್ದ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಅಂದು ಆ ಕಾದಂಬರಿಯನ್ನು ಅರ್ಧಕ್ಕೇ ಹಿಂತಿರುಗಿಸಲು ಬಂದಿದ್ದೆ. ಎಡೋ ಕಾಲದ (1603–1868) ಜಪಾನಿನ ಕಥೆ. ನಸುಕಿನಲ್ಲಿ ಆರು ಹೊಡೆದ ಗಂಟೆ ಬಿಸಿಲೇರಿದಂತೆ ಐದು, ನಾಲ್ಕು ಎಂದು ಇಳಿಯುತ್ತಿತ್ತು. ನಡುಹಗಲಿಗೆ ಇದ್ದಕ್ಕಿದ್ದಂತೆ ಒಂಬತ್ತು! ಅಚ್ಚಿನ ತಪ್ಪೆಂದು ನಿಮ್ಮ ಮುಂದೆ ಗೊಣಗಿದೆ. (ನನ್ನ ಅಜ್ಞಾನಕ್ಕೆ ಮುದ್ರಕರನ್ನು ಬೈದೆನಲ್ಲ!)

ನೀವು ನಗಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ರದ್ದಿ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ವೃತ್ತ ಬರೆದಿರಿ. ಹಗಲಿಗೆ ಆರು ಪಾಲು, ಇರುಳಿಗೆ ಆರು ಪಾಲು. ಎಣಿಕೆ ನಡುಹಗಲಿಗೂ ನಡುರಾತ್ರಿಗೂ ಒಂಬತ್ತರಿಂದ ಶುರುವಾಗಿ ನಾಲ್ಕಕ್ಕೆ ಇಳಿಮುಖ. ಬೇಸಿಗೆಯಲ್ಲಿ ಹಗಲಿನ ಪಾಲು ಹಿಗ್ಗುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ಪಕ್ಕದಲ್ಲೇ ನಾಗಸಾಕಿ ಬಂದರಿನ ಬೀಸಣಿಗೆಯಾಕಾರದ ಪುಟ್ಟ ದೆಜಿಮಾ ದ್ವೀಪ, ಊರಿಗೆ ಒಂದೇ ಸೇತುವೆ. 1641ರಿಂದ ಡಚ್ ವರ್ತಕರು ಅಲ್ಲೇ ಕಟ್ಟುಬಿದ್ದಿದ್ದರೆಂದು ಹೇಳಿ, ಸೇತುವೆಯ ತುದಿಗೊಬ್ಬ ಕಾವಲುಗಾರನನ್ನೂ ಗೀಚಿದಿರಿ. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ನಿಮಗೆ ಅವಸರವೇ ಇರಲಿಲ್ಲ.

ಚೀಟಿಯನ್ನು ನಾನು ನಿಲ್ಲಿಸಿದ್ದ ಪುಟದಲ್ಲಿಟ್ಟು, ಹೊಸ ಅವಧಿಯ ಮುದ್ರೆ ಒತ್ತಿ ಪುಸ್ತಕವನ್ನು ನನ್ನತ್ತ ಸರಿಸಿದಿರಿ. ಅಂದು ರಾತ್ರಿ ಓದುವಾಗ ಕಥೆಯಲ್ಲಿ ಒಂಬತ್ತು ಹೊಡೆಯಿತು. ನಡುರಾತ್ರಿ ಎಂದು ತಾನಾಗಿ ಹೊಳೆಯಿತು. ಉಸಿರು ಬಿಗಿಹಿಡಿದು ಪುಟ ತಿರುವಿದೆ.

ಧನ್ಯವಾದ. ಪುಸ್ತಕ ಮರಳಿಸಿದ್ದೇನೆ. ಚೀಟಿಯನ್ನು ಮಾತ್ರ ಇಟ್ಟುಕೊಂಡಿದ್ದೇನೆ.